ತವರಿನ ಹೆಸರಿನ ಕೇಸ್ ಪೇಪರ್

“ಮೇಡಂ, ಇವರಿಬ್ಬರೂ ಒಬ್ಬರೇನಾ?” ಎಂದು ಇಂಜಿನಿಯರ್ ಹುಡುಗಿ ಕೇಳಿದಾಗ ನಾನು ಕನ್ನಡಕ ಒರೆಸಿಕೊಂಡು ಅವಳ ಸ್ಕ್ರೀನಿನತ್ತ ಬಾಗಿದೆ. ಎರಡು ಫೋಟೋ, ಒಂದೇ ಮುಖ. ವಯಸ್ಸು ಒಂದೇ, ರಕ್ತದ ಗುಂಪು ಒಂದೇ. ಹೆಸರು ಬೇರೆ, ಅಡ್ಡಹೆಸರು ಬೇರೆ, ಊರೂ ಬೇರೆ. ಒಂದು ಕೇಸ್ ಪೇಪರ್ ಕಮಲಾಪುರದಲ್ಲಿರುವ ನಮ್ಮ ಸಣ್ಣ ಕ್ಲಿನಿಕ್ಕಿನದು, ಇನ್ನೊಂದು ಕಲಬುರಗಿಯ ನಮ್ಮ ಆಸ್ಪತ್ರೆಯದು.

“ಒಬ್ಬಾಕೀನೇ ಅದಾಳ, ತಾಯಿ,” ಎಂದೆ. “ಇದು ತವರುಮನಿ ಹೆಸರು, ಇದು ಗಂಡನ ಮನಿ ಹೆಸರು.”

ಅವಳು ತುಮಕೂರು ಕಡೆಯವಳು. “ಹೆಸರೇ ಬದಲಾಯಿಸಿಬಿಡ್ತಾರಾ?” ಎಂದು ಕುರ್ಚಿ ತಿರುಗಿಸಿ ನನ್ನನ್ನೇ ನೋಡಿದಳು.

ನಮ್ಮ ಕಡೆ ಬಹಳ ಮನೆಗಳಲ್ಲಿ ಮದುವೆಯ ದಿನವೇ ಸೊಸೆಗೆ ಹೊಸ ಹೆಸರಿಡುತ್ತಾರೆ. ತಾಯಿ ಒಂದು ಹೆಸರಿನಿಂದ ಕೂಗುತ್ತಾಳೆ, ಅತ್ತೆ ಇನ್ನೊಂದರಿಂದ. ಇದನ್ನು ಅವಳಿಗೆ ವಿವರಿಸಿದೆ. ಟ್ರಸ್ಟಿನ ಆಸ್ಪತ್ರೆಯಲ್ಲಿ ರೆಕಾರ್ಡ್ ರೂಮ್ ನೋಡಿಕೊಂಡಿದ್ದವಳು ನಾನು. ರಿಟೈರ್ ಆಗಿ ಮನೆಯಲ್ಲಿದ್ದವಳನ್ನು, ಹಳೆಯ ಕಾಗದವನ್ನೆಲ್ಲ ಕಂಪ್ಯೂಟರಿಗೆ ಏರಿಸುವ ಕೆಲಸ ಶುರುವಾದಾಗ, ಟ್ರಸ್ಟಿನ ಸೆಕ್ರೆಟರಿಯವರು ಮತ್ತೆ ಕರೆಸಿಕೊಂಡಿದ್ದರು. ನನಗೆ ಗೊತ್ತಿದ್ದ ಇನ್ನೊಂದು ಸಂಗತಿಯೂ ಇತ್ತು. ನಮ್ಮ ಚೀಟಿ ಬರೆಯುವ ಕೌಂಟರಿನಲ್ಲಿ “ಯಾವ ಹೆಸರು ಬರೀಲಿ, ಯವ್ವಾ?” ಎಂದು ಕೇಳುವುದು ರೂಢಿ. ಹೆರಿಗೆ, ಜ್ವರ, ಕಣ್ಣು ಎಂದರೆ ಗಂಡನ ಮನೆಯ ಹೆಸರು. ನಾಲ್ಕು ಮಂದಿಗೆ ತಿಳಿಯಬಾರದ ಕಾಯಿಲೆಯಾದರೆ ಹೆಣ್ಣುಮಕ್ಕಳು ತವರಿನ ಹೆಸರು ಹೇಳುತ್ತಿದ್ದರು. ಬರೆಯುವವರು ಮರುಪ್ರಶ್ನೆ ಮಾಡುತ್ತಿರಲಿಲ್ಲ. ಎರಡು ಕಾಗದ, ಎರಡು ಕಪಾಟು. ಪ್ರೈವಸಿ ಎಂಬ ಶಬ್ದವನ್ನು ಅಲ್ಲಿ ಯಾರೂ ಆಡಿದ್ದು ನೆನಪಿಲ್ಲ.

ಇಷ್ಟು ಗೊತ್ತಿದ್ದೂ ಆ ದಿನ ನಾನು ಯೋಚಿಸಿದ್ದು ಆಕ್ಯುರೆಸಿಯ ಬಗ್ಗೆ. ಕಾನ್ವೆಂಟಿನ ಹೊಲಿಗೆ ಕ್ಲಾಸಿನಲ್ಲಿ ಸಿಸ್ಟರ್ ನಮ್ಮ ಕಸೂತಿಯನ್ನು ತಿರುಗಿಸಿ ಹಿಂಬದಿಯನ್ನೇ ಮೊದಲು ನೋಡುತ್ತಿದ್ದರು. ಅಲ್ಲಿ ಗಂಟು ಕಂಡರೆ ಬಿಚ್ಚಿಸುತ್ತಿದ್ದರು. ಒಬ್ಬಳಿಗೆ ಎರಡು ಫೈಲು ಎಂಬುದು ನನಗೆ ಅಂಥ ಗಂಟಿನಂತೆ ಕಂಡಿತು.

“ಹೆಸರು ನೋಡಬ್ಯಾಡ,” ಎಂದು ಇಂಜಿನಿಯರ್ ಹುಡುಗಿಗೆ ಹೇಳಿಕೊಟ್ಟೆ. “ಹೆರಿಗಿ ವಾರ್ಡಿನ್ಯಾಗ ತವರೂರು ಯಾವುದು, ತಂದಿ ಹೆಸರೇನು ಅಂತ ಬರಕೊಂಡಿರ್ತಾರ. ಅದನ್ನ ಕಮಲಾಪುರದ ಕಾಗದದ ಜೋಡಿ ಕೂಡಿಸಿ ನೋಡು. ಆಮ್ಯಾಲ ವಯಸ್ಸು, ಮುಖ.”

ಅವಳು ಅದನ್ನೇ ರೂಲ್ ಮಾಡಿ ಪ್ರೋಗ್ರಾಮಿಗೆ ಹಾಕಿದಳು. ಒಂದೊಂದೇ ಜೋಡಿ ಕೂಡಿಕೊಳ್ಳುತ್ತ ಬಂತು. ಸಂಶಯವಿದ್ದದ್ದನ್ನು ನಾನು ಕಣ್ಣಾರೆ ನೋಡಿ ಒಪ್ಪುತ್ತಿದ್ದೆ. ಕಂಪ್ಯೂಟರಿಗೆ ಗೊತ್ತಿಲ್ಲದ್ದು ನನಗೆ ಗೊತ್ತಿದೆ ಎಂಬ ಸಣ್ಣ ಹೆಮ್ಮೆಯಲ್ಲಿ ಆ ದಿನಗಳು ಹೋದವು.

ಮುಂದೆ ಒಂದು ದಿನ ಹೆರಿಗೆ ಡಾಕ್ಟರಮ್ಮ ನನ್ನ ರೂಮಿಗೇ ಬಂದರು. ಅವರು ಹಾಗೆ ಬರುವವರಲ್ಲ.

“ಮೇಡಂ, ನಿಮ್ಮ ಕೆಲಸ ಇವತ್ತ ಒಂದು ಕೂಸಿಗಿ ಉಪಕಾರ ಮಾಡ್ತ ನೋಡ್ರಿ,” ಎಂದು ಕುರ್ಚಿ ಎಳೆದುಕೊಂಡರು.

ಶರಣಸಿರಸಗಿಯ ಹೊಸ ಲೇಔಟಿನಿಂದ ಚೊಚ್ಚಲ ಬಸುರಿಯೊಬ್ಬಳು ಬಂದಿದ್ದಳು. ಗಂಡನ ಮನೆಯ ಹೆಸರು ಒತ್ತಿದ ಕೂಡಲೇ ಅದರ ಕೆಳಗೆ ಕಮಲಾಪುರದ ಫಿಟ್ಸ್ ಕ್ಲಿನಿಕ್ಕಿನ ಭೇಟಿಗಳೆಲ್ಲ ಸಾಲಾಗಿ ಬಂದವು. ಅವಳು ನುಂಗುತ್ತಿದ್ದ ಗುಳಿಗೆ ಹೊಟ್ಟೆಯೊಳಗಿನ ಮಗುವಿಗೆ ಒಳ್ಳೆಯದಲ್ಲ. ಡಾಕ್ಟರಮ್ಮ ಗಂಡನನ್ನು ಹೊರಗೆ ಕೂರಿಸಿ, ಪರದೆ ಎಳೆದು ಕೇಳಿದರು. ಹುಡುಗಿ ಅಳಲಿಲ್ಲವಂತೆ. “ಗುಳಗಿ ಬದಲಿ ಮಾಡಿ ಕೊಡ್ರಿ. ಮನ್ಯಾಗ ಯಾರಿಗೂ ಗೊತ್ತಿಲ್ರಿ, ಅವರಿಗೂ,” ಎಂದು ಪರದೆಯತ್ತ ಬೆರಳು ತೋರಿಸಿದಳಂತೆ.

ಶಾಲೆಯ ದಿನಗಳಲ್ಲಿ ಶುರುವಾದ ಫಿಟ್ಸ್. ಗುಳಿಗೆ ತಪ್ಪದಿದ್ದರೆ ಬರುವುದಿಲ್ಲ; ಮದುವೆಯಾದ ಮೇಲೆ ಒಮ್ಮೆಯೂ ಬಂದಿಲ್ಲ. ತಾಯಿಗೆ ಬಿಪಿ ತೋರಿಸಬೇಕು ಎಂದು ಅತ್ತೆಗೆ ಹೇಳಿ ತಿಂಗಳಿಗೊಮ್ಮೆ ಕಮಲಾಪುರದ ಬಸ್ಸು ಹತ್ತುತ್ತಾಳೆ, ತನ್ನ ಗುಳಿಗೆ ತರುತ್ತಾಳೆ. ಇದನ್ನು ಬರೆಯುವ ಮುಂಚೆ ಆಕೆಯನ್ನು ಕೇಳಿದ್ದೇನೆ. ಗುರುತು ಸಿಗುವ ಕೆಲವು ವಿವರಗಳನ್ನು ಆಕೆ ಹೇಳಿದಂತೆ ಬದಲಿಸಿದ್ದೇನೆ.

ಡಾಕ್ಟರಮ್ಮ ಹೋದ ಮೇಲೆ ಸಂತೋಷದಿಂದಲೇ ಆ ಹುಡುಗಿಯ ಫೈಲು ತೆರೆದೆ. ಆಗ ಮೊಬೈಲ್ ನಂಬರಿನ ಮೇಲೆ ಕಣ್ಣು ಬಿತ್ತು.

ಇಂಜಿನಿಯರ್ ಹುಡುಗಿಯನ್ನು ಕರೆದೆ. “ಎರಡು ಫೈಲು ಒಂದಾದ ಮ್ಯಾಲ ಯಾವ ನಂಬರ್ ಉಳೀತದ?”

“ಲೇಟೆಸ್ಟ್ ಯಾವುದೋ ಅದು, ಮೇಡಂ.”

ಲೇಟೆಸ್ಟ್ ಎಂದರೆ ಕಲಬುರಗಿಯ ಕೌಂಟರಿನಲ್ಲಿ ಕೊಟ್ಟದ್ದು. ಅಲ್ಲಿ ಸಾಲಿನಲ್ಲಿ ನಿಲ್ಲುವವನು ಗಂಡ. ಬರೆಸುವುದು ತನ್ನ ನಂಬರ್. ಕಮಲಾಪುರದ ಕಾಗದಗಳಲ್ಲಿ ಆ ಜಾಗ ಹೆಚ್ಚಾಗಿ ಖಾಲಿಯೇ. ಇನ್ನು ಕೆಲವೇ ದಿನಗಳಲ್ಲಿ ಆಸ್ಪತ್ರೆಯ ಆ್ಯಪ್ ಬರುವುದಿತ್ತು. ಪೇಷೆಂಟಿನ ಪೂರ್ತಿ ಹಿಸ್ಟರಿ ಫೋನಿನಲ್ಲೇ. ತೆರೆಯಲು ಓಟಿಪಿ ಬೇಕು, ಓಟಿಪಿ ಬರುವುದು ಇದೇ ನಂಬರಿಗೆ. ಬೀಗವೇನೋ ಗಟ್ಟಿಯಾಗಿತ್ತು, ಕೀಲಿ ಗಂಡನ ಜೇಬಿನಲ್ಲಿತ್ತು.

“ಹಂಗಾದ್ರ ಇವನ್ನ ಮತ್ತ ಬಿಡಸು,” ಎಂದೆ.

“ಎಲ್ಲಾನೂ?” ಅವಳು ಬೆರಳಿಂದ ಹಣೆ ಒತ್ತಿಕೊಂಡಳು. “ಕೂಡಿಸೋಕೆ ನೀವೇ ಹೇಳಿಕೊಟ್ರಿ, ಮೇಡಂ.”

ಬಿಡಿಸಲು ಡಾಕ್ಟರಮ್ಮ ಒಪ್ಪಲಿಲ್ಲ. ಸೆಕ್ರೆಟರಿಯವರ ಕೋಣೆಯಲ್ಲಿ ನಾವು ನಾಲ್ವರೂ ಕೂತೆವು. “ನನ್ನ ಸ್ಕ್ರೀನಿನಿಂದ ಅದನ್ನ ತೆಗೀಬ್ಯಾಡ್ರಿ,” ಎಂದರು ಡಾಕ್ಟರಮ್ಮ. “ಹೆರಿಗಿ ಟೈಮಿನ್ಯಾಗ ಫಿಟ್ಸ್ ಬಂದ್ರ ನನಗ ಮೊದಲೇ ಗೊತ್ತಿರಬೇಕು. ಗೊತ್ತಿಲ್ದ ಕೈ ಹಾಕಂದ್ರ ಹ್ಯಾಂಗ?”

ಸೆಕ್ರೆಟರಿಯವರು ಬಟ್ಟೆ ವ್ಯಾಪಾರಸ್ಥರು, ಒಳ್ಳೆಯ ಮನುಷ್ಯರು. ಅವರಿಗೆ ನನ್ನ ಚಿಂತೆಯೇ ವಿಚಿತ್ರವಾಗಿ ಕಂಡಿತು. “ಗಂಡ ಹೆಂಡ್ತಿ ನಡುವ ಎಂಥಾದ್ರೀ ಪ್ರೈವಸಿ?”

“ಸರ್, ನಿಮ್ಮ ಶುಗರ್ ಎಷ್ಟದ ಅಂತ ನಿಮ್ಮ ಮನ್ಯಾಗ ಖರೆ ಹೇಳೀರೇನ್ರಿ?” ಎಂದರು ಡಾಕ್ಟರಮ್ಮ.

ಸೆಕ್ರೆಟರಿಯವರು ನಕ್ಕರು. ನಗುತ್ತಲೇ ಮುಂದಿದ್ದ ಬಿಸ್ಕೀಟಿನ ತಟ್ಟೆಯನ್ನು ಆಚೆ ಸರಿಸಿದರು. “ಆತು. ಏನ್ ಮಾಡ್ಬೇಕಂತೀರಿ, ಅದನ್ನ ಹೇಳ್ರಿ.”

ಆದ ತೀರ್ಮಾನ ಇದು: ಫೈಲುಗಳು ಕೂಡಿಯೇ ಇರಲಿ, ಆದರೆ ತವರಿನ ಹೆಸರಿನಲ್ಲಿ ಆದ ಭೇಟಿಗಳನ್ನೆಲ್ಲ ಗುರುತು ಹಾಕಿ ಒಳಗಿಡುವುದು. ಡಾಕ್ಟರ ಸ್ಕ್ರೀನಿನಲ್ಲಿ ಕಾಣಬೇಕು, ಫೋನಿನಲ್ಲಿ ಕಾಣಬಾರದು. ಅದಾಗುವವರೆಗೆ ಆ್ಯಪ್ ಇಲ್ಲ, ಮೆಸೇಜೂ ಇಲ್ಲ. ಇಂಜಿನಿಯರ್ ಹುಡುಗಿ ಪಾಪ, ಊಟದ ಡಬ್ಬಿಯನ್ನು ಕೀಬೋರ್ಡಿನ ಪಕ್ಕದಲ್ಲೇ ಇಟ್ಟುಕೊಂಡು ಕೂತಳು. ಮುಗಿದಾಗ ಪರೀಕ್ಷೆಗೆ ಒಬ್ಬ ಸುಳ್ಳು ಪೇಷೆಂಟ್ ಬೇಕಾಯಿತು. ನನ್ನದೇ ಎರಡು ಹೆಸರು ಕೊಟ್ಟೆ. ನನ್ನ ತವರಿನ ಹೆಸರಿನಿಂದ ಕರೆಯುವವರು ಈಗ ಯಾರೂ ಉಳಿದಿಲ್ಲ. ಅವಳು ಅದನ್ನು ಒಂದೊಂದೇ ಅಕ್ಷರ ಟೈಪ್ ಮಾಡುವುದನ್ನು ನೋಡುತ್ತ ನಿಂತೆ. ಆ ಹೆಸರಿಗೆ ಒಂದು ಕಾಯಿಲೆ ಅಂಟಿಸಿ, ನನ್ನ ಫೋನಿನಲ್ಲಿ ಆ್ಯಪ್ ತೆರೆದೆವು. ಗಂಡನ ಮನೆಯ ಹೆಸರು ಬಂತು, ಜ್ವರದ ಭೇಟಿ ಬಂತು. ಆ ಕಾಯಿಲೆ ಬರಲಿಲ್ಲ. ಹುಡುಗಿ ಮೊದಲ ಸಲ ನನ್ನ ಹೆಗಲ ಮೇಲೆ ಕೈಯಿಟ್ಟಳು.

ನಾನು ನೆಮ್ಮದಿಯಿಂದ ಇದ್ದದ್ದು ಮುಂದಿನ ಸೋಮವಾರದವರೆಗೆ. ಅಂದು ಕಮಲಾಪುರದ ಕಂಪೌಂಡರ್ ಫೋನ್ ಮಾಡಿದರು.

“ಮೇಡಂ, ಏನೋ ಗಡಬಡ ಆಗ್ಯದ್ರಿ. ಮುಂಜಾನಿಂದ ಇಬ್ಬರು ಗಂಡಸರು ಬಂದು, ಮೆಸೇಜ್ ಬಂದದ, ಗುಳಗಿ ಕೊಡ್ರಿ ಅನ್ಲಾಕತ್ತಾರ. ಯಾವತ್ತೂ ಹೆಣ್ಮಕ್ಳೇ ಬರ್ತಿದ್ರು.”

ಮಾತ್ರೆ ಮುಗಿಯುವ ದಿನ ನೆನಪಿಸುವ ಮೆಸೇಜು ಆಸ್ಪತ್ರೆಯ ಪ್ರೋಗ್ರಾಮಿನಿಂದ ಹೋಗುತ್ತಿರಲಿಲ್ಲ. ಕ್ಲಿನಿಕ್ಕಿನ ಔಷಧಿ ಅಂಗಡಿಯ ಬೇರೆಯೇ ಪ್ರೋಗ್ರಾಮಿನಿಂದ ಹೋಗುತ್ತಿತ್ತು. ಮೊದಲು ನಂಬರ್ ಇಲ್ಲದ್ದರಿಂದ ಎಂದೂ ಯಾರಿಗೂ ಹೋಗಿರಲಿಲ್ಲ. ಈಗ ಕೂಡಿದ ಫೈಲಿನಿಂದ ಅದಕ್ಕೆ ನಂಬರ್ ಸಿಕ್ಕಿತ್ತು. ನಾವು ಎಲ್ಲ ಬಾಗಿಲು ಮುಚ್ಚಿದೆವೆಂದುಕೊಂಡು ಕೂತಾಗ ಅದು ತನ್ನ ಪಾಡಿಗೆ ಕೆಲಸ ಮಾಡಿತು. ಇಂಜಿನಿಯರ್ ಹುಡುಗಿ ಅದನ್ನು ನಿಲ್ಲಿಸಿ, ಹೋದ ಮೆಸೇಜುಗಳನ್ನು ತೆರೆದಳು. ಶರಣಸಿರಸಗಿಯ ಆ ಬಸುರಿಯ ಗಂಡನ ನಂಬರ್ ಅದರಲ್ಲಿತ್ತು. ಆಕೆಯ ಗಂಡನ ಮನೆಯ ಹೆಸರು, ಕಮಲಾಪುರದ ಫಿಟ್ಸ್ ಕ್ಲಿನಿಕ್, ಗುಳಿಗೆ ತೆಗೆದುಕೊಂಡು ಹೋಗಿರಿ. ಅದರ ಮುಂದೆ: ತಲುಪಿದೆ.

“ನನ್ನ ತಪ್ಪು, ಮೇಡಂ. ಅದು ಬೇರೆ ಕಡೆಯಿಂದ ಹೋಗುತ್ತೆ ಅನ್ನೋದೇ ಹೊಳೀಲಿಲ್ಲ,” ಎಂದಳು. ತಪ್ಪು ಯಾರದೆಷ್ಟು ಎಂದು ಹಂಚಿಕೊಳ್ಳುವ ಹೊತ್ತಾಗಿರಲಿಲ್ಲ ಅದು.

ಮತ್ತೆ ಸೆಕ್ರೆಟರಿಯವರ ಕೋಣೆ. ಈ ಸಲ ಅವರು ತಮ್ಮ ಫೋನನ್ನೇ ನನ್ನ ಮುಂದೆ ಹಿಡಿದರು. “ನೋಡ್ರಿ, ಎಷ್ಟು ಮೆಸೇಜ್ ಬಿದ್ದಾವ. ಒಂದಾದ್ರೂ ಓದೀನೇನು? ಯಾರೂ ಓದಂಗಿಲ್ರಿ, ಮೇಡಂ. ನೀವಾಗೇ ಹೋಗಿ ಹೇಳಿದ್ರ ಇಲ್ಲದ ರಾಡಿ ಆಗ್ತದ. ಸುಮ್ಮನಿದ್ದುಬಿಡ್ರಿ.”

“ಮಾಹಿತಿ ಸೋರಿದರೆ ಆ ಮಾಹಿತಿ ಯಾರದೋ ಅವರಿಗೆ ತಿಳಿಸಬೇಕು ಸಾರ್. ಹೊಸ ಕಾನೂನು ಹಾಗೆ ಹೇಳುತ್ತೆ,” ಎಂದಳು ಇಂಜಿನಿಯರ್ ಹುಡುಗಿ, ಮೆಲ್ಲಗೆ.

ನನಗೆ ಕಾನೂನಿಗಿಂತ ಹಾಸ್ಟೆಲ್ ನೆನಪಾಯಿತು. ಕಾನ್ವೆಂಟಿನಲ್ಲಿ ನಮಗೆ ಮನೆಯಿಂದ ಬಂದ ಕಾಗದವನ್ನು ಮದರ್ ಮೊದಲು ಒಡೆದು ಓದಿ, ಆಮೇಲೆ ಮಡಚಿ ಕೊಡುತ್ತಿದ್ದರು. ಓದಿದ್ದಾರೆ ಎಂದು ಗೊತ್ತಿದ್ದುದರಿಂದ ನಾವು ಉತ್ತರದಲ್ಲಿ ಏನು ಬರೆಯಬಾರದು ಎಂದಾದರೂ ಕಲಿತೆವು. ಓದಿ, ಮತ್ತೆ ಅಂಟಿಸಿ, ಓದಿಲ್ಲವೆಂಬಂತೆ ಕೊಟ್ಟಿದ್ದರೆ? ಆ ಯೋಚನೆ ನನಗೆ ಆಗಲೂ ಸಹಿಸಲಾಗದ್ದು, ಈಗಲೂ.

“ನಾನು ಹೇಳ್ತೀನ್ರಿ,” ಎಂದೆ. “ಅವರವರಿಗಿ, ಮುಖಾ ನೋಡಿ.”

ಅದು ಸರಿಯಾದ ತೀರ್ಮಾನ ಎಂದು ಆಗ ನನಗೆ ಎಳ್ಳಷ್ಟೂ ಸಂಶಯವಿರಲಿಲ್ಲ.

ಫೋನ್ ಮಾಡುವಂತಿಲ್ಲ, ಫೋನು ಅವರದಲ್ಲ. ಮನೆಗೆ ಹೋಗುವಂತಿಲ್ಲ, ಆಸ್ಪತ್ರೆಯವರು ಯಾಕೆ ಬಂದಿದ್ದರು ಎಂದು ಓಣಿಗೆ ಓಣಿಯೇ ಕೇಳುತ್ತದೆ. ಗುಳಿಗೆ ಕೊಡುವ ದಿನ ಕಮಲಾಪುರದ ಕ್ಲಿನಿಕ್ಕಿನಲ್ಲೇ ಕೂರುವುದೆಂದು ಗೊತ್ತುಮಾಡಿದೆವು. ಬಿಪಿ ನೋಡುವ ಕೋಣೆಯನ್ನು ಬಿಡಿಸಿಕೊಂಡೆ. ಮೆಸೇಜ್ ಹೋದವರ ಹೆಸರುಗಳನ್ನು ಕಾಗದದ ಮೇಲೆ ಇಳಿಸಲಿಲ್ಲ. ಇಂಜಿನಿಯರ್ ಹುಡುಗಿ ಲ್ಯಾಪ್‌ಟಾಪನ್ನು ಗೋಡೆಗೆ ಮುಖ ಮಾಡಿ ಇಟ್ಟುಕೊಂಡಳು. ಬಂದವರಿಗೆಲ್ಲ ಬಿಪಿ ಪಟ್ಟಿ ಸುತ್ತಿದೆವು, ಹೊರಗಿನವರಿಗೆ ಅದೇ ಕಾರಣ. ಒಳಗೆ, ಹೋದ ಮೆಸೇಜಿನ ಒಂದೊಂದು ಶಬ್ದವನ್ನೂ ಓದಿ ಹೇಳಿದೆ. ಯಾವ ನಂಬರಿಗೆ, ಯಾವ ದಿನ ಹೋಯಿತು, ಈಗ ಏನು ಬಂದ್ ಮಾಡಿದ್ದೇವೆ ಎಂದು ಹೇಳಿ, ಮುಂದೆ ಏನಾಗಬೇಕು ಎಂದು ಅವರನ್ನೇ ಕೇಳಿದೆ.

ಕೆಂಪು ಬಾಳೆಹಣ್ಣು ಮಾರುವ ಹೆಂಗಸೊಬ್ಬಳು ಪೂರ್ತಿ ಕೇಳಿಸಿಕೊಂಡು, “ನಮ್ಮಂವಗ ಓದಾಕೇ ಬರಂಗಿಲ್ಲ ಬಿಡ್ರಿ. ಫೋನಿನ್ಯಾಗ ಬರೇ ಕುಸ್ತಿ ನೋಡ್ತಾನ,” ಎಂದಳು. ಏಳುವಾಗ, “ನಿಮ್ಮ ಕಂಪ್ಯೂಟರಿಗಿ ಬಾಯಿ ಭಾಳ ಅದ ನೋಡ್ರಿ, ಬಾಯೋರ. ನಮ್ಮ ಓಣ್ಯಾಗ ಇಡ್ರಿ ಅದನ್ನ, ನೀರಿನ ನಳದ ಮುಂದ,” ಎಂದು ನಕ್ಕಳು. ನನಗೂ ನಗು ಬಂತು. ಇಷ್ಟೇ ಆಗಿ ಮುಗಿದೀತೇನೋ ಎಂಬ ಆಸೆಯೂ ಬಂತು.

ಆಮೇಲೆ ಆ ಬಸುರಿ ಬಂದಳು, ತಾಯಿಯ ಜೊತೆ. ಸಣ್ಣ ಮೈಕಟ್ಟಿನ ಹುಡುಗಿ. ಕೂರುವ ಮೊದಲೇ ತಾಯಿಗೆ ಸ್ಟೂಲು ಸರಿಸಿದಳು. ನಾನು ಹೇಳತೊಡಗಿದೆ. ಸೋಮವಾರ ಎಂದಾಗ ಅವಳ ಕಣ್ಣು ನನ್ನ ಮೇಲಿಂದ ಕದಲಿ ಎಲ್ಲೋ ಹೋಯಿತು.

“ಸೋಮವಾರ ಯಾವಾಗ್ರಿ?”

“ಮುಂಜಾನೆ.”

“ಸೋಮವಾರ ರೊಟ್ಟಿ ಅರ್ಧಾಕ್ಕ ಬಿಟ್ಟು ಎದ್ರು. ಕೇಳಿದ್ರ ಏನಿಲ್ಲ ಅಂದ್ರು. ಅವತ್ತಿಂದ ನನ್ನ ಜೋಡಿ ಸರಿ ಮಾತಾಡಿಲ್ರಿ.”

“ನೋಡಿರಲಿಕ್ಕಿಲ್ಲ, ತಂಗಿ. ಭಾಳ ಮಂದಿ ಮೆಸೇಜ್ ನೋಡಂಗಿಲ್ಲ.”

“ನೋಡ್ಯಾರ್ರಿ. ಅದಕ್ಕೇ ಸುಮ್ಮನ ಅದಾರ.”

ತಾಯಿ ಮಗಳ ಮೊಣಕೈ ಹಿಡಿದಳು. “ಜಳಕಕ್ಕ ಹೋದಾಗ ಫೋನ್ ತಗೊಂಡು ಅಳಿಸಿಬಿಡು. ನೋಡಿದ್ದರ ಕೇಳ್ತಿದ್ದಿಲ್ಲೇನು, ಹುಚ್ಚಿ?”

“ಕೇಳಂಗಿಲ್ಲವ್ವ ಅವರು. ನಾನಾಗೇ ಹೇಳ್ತೀನೋ ಇಲ್ಲೋ ಅಂತ ದಾರಿ ನೋಡ್ಲಾಕತ್ತಾರ.”

ನಾನು ಬಲ್ಲ ಸಮಾಧಾನಗಳನ್ನೆಲ್ಲ ಹೇಳಿದೆ. ಫೈಲನ್ನು ಮತ್ತೆ ಎರಡು ಮಾಡುತ್ತೇವೆ, ನಿನ್ನ ನಂಬರ್ ಬೇರೆ ಹಾಕುತ್ತೇವೆ, ಡಾಕ್ಟರನ್ನು ಕರೆಸಿ ಗಂಡನ ಜೊತೆ ಮಾತಾಡಿಸುತ್ತೇವೆ. ಎರಡು ದಿನ ತಡೆ ಎಂದೆ. ಅವಳು ಎಲ್ಲಕ್ಕೂ ಹೂಂ ಎಂದಳು. ಗುಳಿಗೆಯ ಪಾಕೀಟನ್ನು ಸೆರಗಿನ ತುದಿಯಲ್ಲಿ ಕಟ್ಟುವುದಕ್ಕೆ ಹೋಗಿ, ನಿಂತು, ಅದನ್ನು ಕೈಚೀಲದಲ್ಲಿ ಎಲ್ಲರಿಗೂ ಕಾಣುವಂತೆ ಮೇಲೆ ಇಟ್ಟುಕೊಂಡಳು. ಅವಳು ಏನು ಮಾಡುವವಳಿದ್ದಾಳೆಂದು ನನಗೆ ಆಗ ತಿಳಿಯಿತು. ತಡೆಯುವ ಹಕ್ಕು ನನಗಿರಲಿಲ್ಲ.

ಮುಂದಿನ ತಪಾಸಣೆಗೆ ಇಬ್ಬರೂ ಬಂದರು. ಡಾಕ್ಟರಮ್ಮ ನನ್ನನ್ನು ಕೆಳಗೆ ಕರೆಸಿದರು. ಗಂಡ ಎದ್ದು ನಿಂತು ನಮಸ್ಕಾರ ಮಾಡಿದ. ದಾಲ್ ಮಿಲ್ಲಿನಲ್ಲಿ ಕೆಲಸ ಮಾಡುವವನು, ಮೆದು ಮುಖದವನು. ನಾನು ಎಂಥವನನ್ನೋ ಎಣಿಸಿಕೊಂಡಿದ್ದೆ.

“ನಾ ಆ ಮೆಸೇಜ್ ನೋಡೇ ಇದ್ದಿಲ್ರಿ, ಮೇಡಂ,” ಎಂದ. “ಅವತ್ತ ನನಗ ಹಲ್ಲು ನೋಯ್ಲಾಕತ್ತಿತ್ತು. ದವಡಿ ಬಾತು ಮಾತಾಡಾಕ ಆಗ್ತಿದ್ದಿಲ್ಲ. ಇಕಿ ಬಂದು ಕಾಲ ಹಂತ್ಯಾಕ ಕೂತು ಎಲ್ಲಾ ಹೇಳಿದ್ಳು. ಏನ್ ಹೇಳ್ಲಾಕತ್ತಾಳ ಅಂತ ನನಗ ತಿಳೀಲಿಲ್ಲ. ಆಮ್ಯಾಲ ಹುಡುಕಿದೆ. ರಿಚಾರ್ಜ್ ಮೆಸೇಜಿನ ನಡುವ ಸಿಕ್ತು.”

“ಸಿಟ್ಟು ಬಂತೇನಪ್ಪ?” ಎಂದೆ.

“ಬಂತ್ರಿ. ಎರಡು ದಿನ. ಮುಚ್ಚಿಟ್ಟು ಲಗ್ನ ಮಾಡಿದ್ರಲ್ಲ ಅಂತ. ಆಮ್ಯಾಲ ನಮ್ಮ ಕೂಸಿನ ಫಿಕರ್ ಬಂತು.” ಫೋನು ತೆಗೆದು ತೋರಿಸಿದ. ಗುಳಿಗೆಯ ಹೊತ್ತಿಗೆ ಅಲಾರಂ ಇಟ್ಟಿದ್ದ. ತಾಯಿಗೂ ಹೇಳಿದ್ದ, ಅವರು ಈಗ ಸೊಸೆಯನ್ನು ಒಲೆಯ ಮುಂದೆ, ಬಾವಿಯ ಹತ್ತಿರ ಒಬ್ಬಳನ್ನೇ ಬಿಡುವುದಿಲ್ಲವಂತೆ. “ಆ್ಯಪ್ ಯಾವಾಗ ಬರ್ತದ್ರಿ? ಎಲ್ಲಾ ಅದರಾಗೇ ಇದ್ರ ಛಲೋ ಆಗ್ತದ, ನಾನೇ ನೋಡ್ಕೋತೀನಿ.”

ಡಾಕ್ಟರಮ್ಮ ಆಕೆಯನ್ನು ಕೇಳಿದರು: ನಿದ್ದೆ ಬರುತ್ತದೆಯೇ? “ಬರ್ತದ್ರಿ, ನಾ ನೋಡೀನಿ,” ಎಂದ ಅವನು. ತಲೆ ಸುತ್ತು? “ಇಲ್ರಿ.” ಊಟ? “ಕಮ್ಮಿ ಆಗ್ಯದ್ರಿ.” ಪ್ರತಿಯೊಂದಕ್ಕೂ ಅವನ ಉತ್ತರ ಸರಿಯಾಗಿತ್ತು. ಅವಳು ಕೈಚೀಲವನ್ನು ಮಡಿಲಲ್ಲಿಟ್ಟುಕೊಂಡು ಕೂತಿದ್ದಳು.

ಸ್ಕ್ಯಾನಿಂಗಿನ ಚೀಟಿ ತರಲು ಅವನು ಹೊರಗೆ ಹೋದ. ನಾನು ಅವಳ ಪಕ್ಕದ ಕುರ್ಚಿಗೆ ಸರಿದೆ. “ಅವ್ವ ಆರಾಮ ಅದಾರೇನು?” ಎಂದೆ.

“ಗೊತ್ತಿಲ್ರಿ. ಹೋಗಿಲ್ಲ.”

“ಯಾಕ?”

“ಗುಳಗಿ ಇಲ್ಲೇ ಸಿಗ್ತಾವಲ್ರಿ, ಅವರೇ ತರ್ತಾರ. ಅವ್ವನ ಬಿಪಿ ಸುಳ್ಳು ಅಂತ ಅತ್ತಿಗಿ ಗೊತ್ತಾಗ್ಯದ. ಇಂಥಾ ಜಡ್ಡಿನ್ಯಾಗ ಒಬ್ಬಾಕಿ ಬಸ್ಸಿನ್ಯಾಗ ಹೋಗೂದು ಬ್ಯಾಡ ಅಂತಾರ. ಖರೇನೇ ಅಂತಾರ.” ಬಾಗಿಲ ಕಡೆ ನೋಡಿದಳು. “ಈಗ ಊರಿಗಿ ಹೋಗಾಕ ನೆವ ಇಲ್ರಿ.”

ಅವನು ಚೀಟಿ ಹಿಡಿದು ಬಂದ. ಅವಳು ಎದ್ದಳು.

ಆ ವಾರವೇ ಮಾಹಿತಿ ಸೋರಿದ ಬಗ್ಗೆ ನಮ್ಮ ವರದಿಯನ್ನು ಮುಗಿಸಬೇಕಾಗಿತ್ತು. ಇಂಜಿನಿಯರ್ ಹುಡುಗಿ ಎಲ್ಲವನ್ನೂ ತುಂಬಿ ಒಂದು ಪ್ರಶ್ನೆಯನ್ನು ನನಗೆ ಬಿಟ್ಟಿದ್ದಳು: ಸಂಬಂಧಪಟ್ಟ ವ್ಯಕ್ತಿಗೆ ಆದ ಹಾನಿ. ಒತ್ತಬೇಕಾದ ಉತ್ತರಗಳೂ ಅಲ್ಲೇ ಇದ್ದವು. ಹಣದ ನಷ್ಟ, ಮಾನಹಾನಿ, ದೈಹಿಕ ಹಾನಿ, ಇತರೆ, ಏನೂ ಇಲ್ಲ.

“ಏನೂ ಇಲ್ಲ ಅಂತ ಒತ್ತ್ರಿ, ಮೇಡಂ,” ಎಂದರು ಹಿಂದೆ ನಿಂತಿದ್ದ ಸೆಕ್ರೆಟರಿಯವರು. “ಗಂಡ ಹೆಂಡ್ತಿ ಛಂದ ಅದಾರಲ್ಲ. ನೀವು ಹೇಳಿದ್ದೇ ಛಲೋ ಆತು, ನಾನೇ ತಪ್ಪು ತಿಳಕೊಂಡಿದ್ದೆ.”

ನಾನು ಇತರೆ ಎಂಬುದನ್ನು ಒತ್ತಿದೆ. ವಿವರಿಸಿರಿ ಎಂದು ಕೆಳಗೆ ಒಂದು ಬಿಳಿಯ ಜಾಗ ತೆರೆಯಿತು. ‘ತಿಂಗಳಿಗೊಮ್ಮೆ ತಾಯಿಯ ಹತ್ತಿರ ಹೋಗುತ್ತಿದ್ದಳು, ಈಗ ಹೋಗುವಂತಿಲ್ಲ’ ಎಂದು ಟೈಪ್ ಮಾಡಿದೆ. ಓದಿದೆ. ಈ ವರದಿಯನ್ನು ಟ್ರಸ್ಟಿನವರು ಓದುತ್ತಾರೆ, ಪ್ರೋಗ್ರಾಮ್ ಮಾಡಿಕೊಟ್ಟ ಕಂಪನಿಯವರು ಓದುತ್ತಾರೆ, ಆಮೇಲೆ ಇನ್ನೂ ಯಾರು ಯಾರೋ. ಆಕೆ ಅದನ್ನು ಹೇಳಿದ್ದು ಗಂಡ ಚೀಟಿ ತರಲು ಹೋದಷ್ಟು ಹೊತ್ತಿನಲ್ಲಿ, ಪಕ್ಕದ ಕುರ್ಚಿಯಲ್ಲಿದ್ದ ನನಗೆ.

ಬರೆದದ್ದನ್ನು ಅಳಿಸಿ, ಆ ಜಾಗವನ್ನು ಖಾಲಿ ಬಿಟ್ಟು ಸೇವ್ ಮಾಡಿದೆ.